ಗಾಳಿಕಿಂಡಿ

"ಸ್ವಲ್ಪ ಓರೆ ಮಾಡಿ... ಇನ್ನೂ ಸ್ವಲ್ಪ... ಊಹೂಂ, ಆಗಲ್ಲ ಬಿಡಿ," ಎಂದು ಶವದ ವ್ಯಾನಿನ ಡ್ರೈವರು ಸ್ಟ್ರೆಚರನ್ನು ಲಿಫ್ಟಿನ ಬಾಗಿಲಿನಿಂದ ಹಿಂದಕ್ಕೆಳೆದ. ಎರಡು ಸಲ ನೋಡಿಯಾಗಿತ್ತು. ಆ ಲಿಫ್ಟಿನಲ್ಲಿ ನಾಲ್ಕು ಜನ ನಿಲ್ಲಬಹುದಿತ್ತು, ಒಬ್ಬರು ಮಲಗುವಷ್ಟು ಜಾಗವಿರಲಿಲ್ಲ.

"ಬೆಲ್ಟ್ ಇದೆ. ಬಿಗಿಯಾಗಿ ಕಟ್ಟಿ ನಿಲ್ಲಿಸಿಕೊಂಡು ಇಳಿಸಬಹುದು. ಎಷ್ಟೋ ಕಡೆ ಹಾಗೇ ಮಾಡಿದೀವಿ," ಎಂದ ಡ್ರೈವರು.

"ಬೇಡ," ಎಂದಳು ಸತ್ತವಳ ಮಗಳು. ನಿನ್ನೆ ಸಂಜೆಯಿಂದ ಅವಳ ಬಾಯಿಂದ ಹೊರಟ ನಾಲ್ಕನೆಯದೋ ಐದನೆಯದೋ ಮಾತು ಅದು. "ನಮ್ಮಮ್ಮ ಮೂವತ್ತೊಂದು ವರ್ಷ ನಿಂತೇ ಕೆಲಸ ಮಾಡಿದಾಳೆ. ಇವತ್ತಾದ್ರೂ ಮಲಗಿಸಿಕೊಂಡು ಇಳಿಸಿ."

ತಲೆಯ ಕಡೆ ಸತ್ತವಳ ತಮ್ಮ ಹಿಡಿದ, ಕಾಲಿನ ಕಡೆ ಡ್ರೈವರು. ನೆಲದಂತಸ್ತಿನ ಗಡಿಯಾರ ರಿಪೇರಿಯವರು ನಡುವೆ ಒಂದು ಕೈ ಕೊಟ್ಟರು. ಅವರಿಗೆ ಎಪ್ಪತ್ತು ದಾಟಿತ್ತು, ಬೇಡವೆಂದರೂ ಕೇಳಲಿಲ್ಲ. ನಾಲ್ಕು ಅಂತಸ್ತು ಇಳಿಯಬೇಕು.

"ಕಂಬಿ ಹಿಡೀಬೇಡಿ, ಅಲ್ಲಾಡುತ್ತೆ," ಎಂದು ತಮ್ಮ ಎಚ್ಚರಿಸಿದ. ಬೇಸಗೆಯಲ್ಲಿ ಆ ಮೆಟ್ಟಿಲಿನ ಕಂಬಿ ರಿಪೇರಿಯಾಗಿತ್ತು. ಬುಡದಲ್ಲಿ ತುಕ್ಕು ತಿಂದ ಕಬ್ಬಿಣವನ್ನು ಹಾಗೇ ಬಿಟ್ಟು ಮೇಲೆ ಹಸಿರು ಬಣ್ಣ ಬಳಿದು ಹೋಗಿದ್ದರು. ಹೊಸಬರು ಚಂದ ಕಂಡಿತೆಂದು ಒರಗಿ ನಿಲ್ಲುತ್ತಿದ್ದರು. ಹಳಬರು ಗೋಡೆಯ ಪಕ್ಕವೇ ನಡೆಯುತ್ತಿದ್ದರು.

ಮೂರನೇ ಅಂತಸ್ತಿನ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಇಳಿಸಿದರು. ಆ ಅಂತಸ್ತಿನ ಟೀಚರಮ್ಮ ಹಿಂದೆಯೇ ಬರುತ್ತಿದ್ದಳು. ನಿನ್ನೆಯಿಂದ ಹೆಣದ ಪಕ್ಕ ಬಿಟ್ಟು ಏಳದೆ ಕೂತವಳು ಅವಳು. ಹೊದಿಕೆ ಸರಿಮಾಡುತ್ತ ಮುಖವನ್ನೇ ನೋಡಿದಳು.

"ನೋಡಿ, ಕೆನ್ನೆ ಹೇಗೆ ಕೆಂಪಗಿದೆ. ಬದುಕಿದ್ದಾಗ ಇಷ್ಟು ಕಳೆ ಇರಲಿಲ್ಲ. ಯಾರೋ ಕರೆದ್ರೆ ಎದ್ದು ಕೂರ್ತಾಳೇನೋ ಅನಿಸುತ್ತೆ."

"ಹೃದಯ ಗಪ್ಪಂತ ನಿಂತ್ರೆ ಹಾಗೇ ಇರುತ್ತಂತೆ," ಎಂದರು ಗಡಿಯಾರದವರು. "ಡಾಕ್ಟರು ಹೇಳಿದ್ರಲ್ಲ. ನೋವೇ ಗೊತ್ತಾಗಿರಲ್ಲ."

"ಐವತ್ತೊಂಬತ್ತು ಹೋಗೋ ವಯಸ್ಸಾ?" ಎಂದು ಟೀಚರಮ್ಮ ಕಣ್ಣೊರೆಸಿಕೊಂಡಳು. "ನಾನು ಮನೆಗೆ ಹೋಗಿ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಬಂದ್ಬಿಡ್ತೀನಿ. ಹತ್ತೇ ನಿಮಿಷ. ನನ್ನ ಬಿಟ್ಟು ವ್ಯಾನು ಹೊರಡಿಸಬೇಡಿ, ಆಯ್ತಾ?"

ತಮ್ಮ ತಲೆಯಾಡಿಸಿದ. ಅಕ್ಕನ ಮುಖ ಅವನಿಗೆ ತಲೆಕೆಳಗಾಗಿ ಕಾಣುತ್ತಿತ್ತು. ಹೌದು, ಕೆನ್ನೆ ಕೆಂಪಗಿತ್ತು. ಬಿಸಿಲಲ್ಲಿ ಓಡಿ ಬಂದವಳ ಹಾಗೆ.

*

ಅವಳನ್ನು ಆ ಕಟ್ಟಡದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಇಸ್ತ್ರಿ ಅಕ್ಕ ಎಂದೇ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ದಿನಕ್ಕೆ ಇನ್ನೂರು, ಕೆಲವು ದಿನ ಮುನ್ನೂರು. ಸುಕ್ಕು ಕಂಡರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದವರ ಕಾಲರನ್ನು ಕೇಳದೆಯೇ ಸರಿಮಾಡಿ ಮುಂದೆ ಹೋಗುತ್ತಿದ್ದಳು. ಮೊದಮೊದಲು ಸಿಡುಕಿದವರೂ ಆಮೇಲೆ ಅವಳನ್ನು ಕಂಡ ಕೂಡಲೇ ಕತ್ತು ಮುಂದೆ ಚಾಚುತ್ತಿದ್ದರು.

ತಾಯಿ ಸತ್ತಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅವನಿಗೆ ಅನ್ನ ಹಾಕಿದ್ದು, ಅಕ್ಷರ ಕಲಿಸಿದ್ದು, ಶಾಲೆ ಒಲ್ಲೆನೆಂದಾಗ ಎರಡು ಏಟು ಬಿಟ್ಟು ಗಾರೆ ಕೆಲಸದವನೊಬ್ಬನ ಹತ್ತಿರ ಸೇರಿಸಿದ್ದು ಎಲ್ಲ ಅವಳೇ. "ಓದಲ್ಲ ಅಂದ್ಯಲ್ಲ, ಗೋಡೇನಾದ್ರೂ ನೆಟ್ಟಗೆ ಕಟ್ಟು," ಎಂದಿದ್ದಳು. ಅವನು ನೆಟ್ಟಗೇ ಕಟ್ಟಿದ. ನಲವತ್ತೆಂಟನೇ ವಯಸ್ಸಿನಲ್ಲೂ ಅವನು ಎಳೆದ ಗಾರೆಯ ಮೇಲೆ ಕೈಯಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ಆದರೆ ಈಚೆಗೆ ಅಂಥ ಕೈ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಬೇಗ ಮುಗಿಯುವ ಕೆಲಸ ಬೇಕಿತ್ತು. ನಾಲ್ಕು ತಿಂಗಳು ಅವನು ಕೆಲಸವಿಲ್ಲದೆ ಕೂತಿದ್ದ.

ಅವಳ ಮನೆಯ ಬಚ್ಚಲಿನ ಪಕ್ಕದ ಗೋಡೆ ಆರು ವರ್ಷದಿಂದ ಬೆವರುತ್ತಿತ್ತು. ಮೊದಲು ಒಂದು ತಟ್ಟೆಯಗಲ ಕಪ್ಪು. ಆಮೇಲೆ ಹಾಸಿಗೆಯಗಲ. ವಸತಿ ಕಚೇರಿಗೆ ಅವಳು ಅರ್ಜಿ ಬರೆದಳು, ಮತ್ತೆ ಬರೆದಳು. ಇಬ್ಬರು ಬಂದು ಸುಣ್ಣ ಬಳಿದು ಹೋದರು, ಎರಡು ತಿಂಗಳಿಗೆ ಕಪ್ಪು ಮತ್ತೆ ಎದ್ದಿತು. ಇನ್ನೊಬ್ಬ ಬಂದು ಅದರ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆ ಅಂಟಿಸಿದ. "ನನ್ನ ಗೋಡೆಗೆ ನೆಗಡಿ ಆಗಿದ್ರೆ ಇವನು ಕರ್ಚೀಫು ಕೊಟ್ಟು ಹೋದ," ಎಂದು ಅವಳು ಟೀಚರಮ್ಮನ ಹತ್ತಿರ ನಕ್ಕಿದ್ದಳು. ನಕ್ಕರೂ ಅರ್ಜಿ ಬರೆಯುವುದನ್ನು ನಿಲ್ಲಿಸಲಿಲ್ಲ. ಓದುಬರಹ ಬಾರದ ಅಕ್ಕಪಕ್ಕದವರ ಅರ್ಜಿಗಳನ್ನೂ ಅವಳೇ ಬರೆದಳು.

ಕೊನೆಗೆ ಈ ವರ್ಷ ಹೊರಗೋಡೆಯ ಗಾರೆ ಕೆಲಸ ಮಂಜೂರಾಯಿತು. ಕಟ್ಟಿಗೆಯ ಅಟ್ಟಣಿಗೆ ಕಟ್ಟುತ್ತಿದ್ದಾಗಲೇ ಅವಳು ಕೆಳಗಿಳಿದು ಹೋಗಿ ಸೂಪರ್‌ವೈಸರನನ್ನು ಹಿಡಿದಳು. "ನನ್ನ ತಮ್ಮ ಇದಾನೆ. ಅವನ ಕೈಯಷ್ಟು ನುಣುಪು ಗಾರೆ ನೀವು ನೋಡಿರಲ್ಲ. ತಗೊಳ್ಳಿ," ಎಂದಳು. ಅವಳ ಕಾಟ ತಪ್ಪಿದರೆ ಸಾಕೆಂದೋ ಏನೋ, ಅವನು ಒಪ್ಪಿದ.

*

ಅಂಗಳದ ಸಿಮೆಂಟು ಕಟ್ಟೆಯ ಮೇಲೆ ಸ್ಟ್ರೆಚರ್ ಇಳಿಸಿದರು. ಡ್ರೈವರು ವ್ಯಾನಿನ ಹಿಂಬಾಗಿಲು ತೆಗೆದು ಒಳಗೆ ಒರೆಸತೊಡಗಿದ. ಕಟ್ಟಡದ ಜನ ಒಬ್ಬೊಬ್ಬರಾಗಿ ಬಂದು ನಿಂತರು. ಎಲ್ಲರ ಕಾಲರೂ ನೆಟ್ಟಗಿತ್ತು.

ಆಗ ಗೇಟಿನಿಂದ ಒಬ್ಬ ಗುಮಾಸ್ತ ಬಂದ. ಕಂಕುಳಲ್ಲಿ ಕಡತ, ಕಿವಿಯ ಮೇಲೆ ಪೆನ್ನು. ಗುಂಪನ್ನು ಕಂಡು ಸಂಕೋಚದಿಂದ ನಿಂತ. ಆಮೇಲೆ ಹತ್ತಿರವಿದ್ದ ಮಗಳನ್ನೇ ಕೇಳಿದ:

"ನಾಲ್ಕನೇ ಅಂತಸ್ತು, ಎರಡನೇ ಮನೆಯೋರು ಇದಾರಾ? ಗೋಡೆ ರಿಪೇರಿದು ಒಂದು ಸಹಿ ಬೇಕಿತ್ತು. ಇವತ್ತು ಕಡತ ಮುಗಿಸ್ಬೇಕು."

ಮಗಳು ಅವನನ್ನು ನೋಡಿದಳು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ದಿನಕ್ಕೆ ಸಾವಿರ ಜನರ ಅರೆಬರೆ ಮಾತಿಗೆ ಉತ್ತರ ಕೊಟ್ಟು ಅಭ್ಯಾಸವಾದವಳು.

"ಇದಾರೆ," ಎಂದಳು. "ಅಗೋ, ಅಲ್ಲಿ ಮಲಗಿದಾರೆ. ಕೇಳಿ ಹಾಕಿಸಿಕೊಳ್ಳಿ."

ಗುಮಾಸ್ತ ಆ ಕಡೆ ತಿರುಗಿದ. ಅವನ ಬಾಯಿ ತೆರೆದುಕೊಂಡಿತು, ಮುಚ್ಚಲಿಲ್ಲ. "ಅಯ್ಯೋ... ನಂಗೆ ಗೊತ್ತಿರಲಿಲ್ಲಮ್ಮ. ಸಾರಿ. ನಾನು ಆಮೇಲೆ..." ಎಂದು ಕಡತವನ್ನು ಎದೆಗೊತ್ತಿಕೊಂಡು ಹಿಂದೆ ಸರಿಯುವಾಗ ಮೇಲಿದ್ದ ಹಾಳೆ ಜಾರಿ ನೆಲಕ್ಕೆ ಬಿತ್ತು.

ತಮ್ಮ ಬಗ್ಗಿ ಎತ್ತಿಕೊಂಡ. ಕೊಟ್ಟುಬಿಡುವವನೇ ಇದ್ದ. ಅಕ್ಕನ ಹೆಸರು ಕಂಡದ್ದರಿಂದ ಓದಿದ. ದೂರು: ಗೋಡೆಯ ತೇವ. ಕ್ರಮ: ಹೊರಗೋಡೆಗೆ ಹೊಸ ಗಾರೆ. ಅನವಶ್ಯಕ ರಂಧ್ರಗಳ ಮುಚ್ಚುವಿಕೆ. ಸ್ನಾನದ ಮನೆಯ ಗ್ಯಾಸ್ ಹೀಟರ್ ತೆಗೆದು ವಿದ್ಯುತ್ ಹೀಟರ್ ಅಳವಡಿಕೆ: ಪೂರ್ಣ. ನಿವಾಸಿಯ ಅಭಿಪ್ರಾಯ: ತೃಪ್ತಿಕರ. ಕೆಳಗೆ ಸಹಿಗೆಂದು ಒಂದು ಗೆರೆ.

"ಇದೇನು ಪೂರ್ಣ?" ಎಂದು ಕೇಳಿದ.

"ಯಾವ್ದು?"

"ಕರೆಂಟಿನ ಹೀಟರು. ಎಲ್ಲಿ ಹಾಕಿದ್ದು?"

"ಅದು ಬೇರೆ ವಿಭಾಗದ್ದು. ಅವರು ಮುಗೀತು ಅಂತ ಬರೆದು ಕಳಿಸಿದಾರೆ," ಎಂದ ಗುಮಾಸ್ತ. "ಹಾಕಿಲ್ವಾ?"

"ಯಾವ ಹೀಟರು ಮಾರಾಯ್ರೆ!" ಎಂದರು ಗಡಿಯಾರದವರು. "ನಮ್ಮನೇಲಿ ಅದೇ ಹಳೇ ಗ್ಯಾಸಿಂದೇ ಇದೆ. ಈಚೆಗಂತೂ ಸ್ನಾನಕ್ಕೆ ಹೋದ್ರೆ ಸಾಕು, ತಲೆ ಧಿಮ್ ಅನ್ನುತ್ತೆ. ನಿನ್ನೆ ವಾಂತಿ ಬಂದ ಹಾಗಾಯ್ತು. ಬಣ್ಣದ ವಾಸನೆ ಇರಬೇಕು ಅಂದ್ಕೊಂಡೆ."

"ನಮ್ಮಲ್ಲೂ ಹಾಗೇ," ಎಂದಳು ಎರಡನೇ ಅಂತಸ್ತಿನ ಹೆಂಗಸು. "ನಮ್ಮತ್ತೆ ಮೊನ್ನೆ ಬಚ್ಚಲಲ್ಲೇ ಕುಸಿದು ಕೂತಿದ್ರು."

ತಮ್ಮ ತಲೆಯೆತ್ತಿ ಗೋಡೆ ನೋಡಿದ. ಬೆಳಗಿನ ಬಿಸಿಲಲ್ಲಿ ಅದು ಹಾಲಿನಂತೆ ಬೆಳ್ಳಗಿತ್ತು. ಕೆಳಗಿನಿಂದ ಮೇಲಿನವರೆಗೆ ಒಂದು ಬಿರುಕಿಲ್ಲ, ಒಂದು ತೂತಿಲ್ಲ. ಹಾಳೆಯನ್ನು ಗುಮಾಸ್ತನ ಕೈಗೆ ತುರುಕಿದ.

"ಮೇಲೆ ಈಗ ಯಾರಾದ್ರೂ ಸ್ನಾನ ಮಾಡ್ತಿದಾರಾ?" ಎಂದು ಕೇಳಿದ. ಮತ್ತೆ ಕಿರುಚಿದ: "ಯಾರಾದ್ರೂ ಸ್ನಾನಕ್ಕೆ ಹೋಗಿದಾರಾ?"

"ಟೀಚರಮ್ಮ ಹೋದರಲ್ಲ," ಎಂದರು ಗಡಿಯಾರದವರು. "ಹತ್ತು ನಿಮಿಷ ಅಂದಿದ್ರು. ಅರ್ಧ ಗಂಟೆ ಆಯ್ತು."

*

ಮೂರು ಅಂತಸ್ತು ಹತ್ತಿದ್ದು ಅವನಿಗೆ ನೆನಪಿಲ್ಲ. ಹಿಂದೆ ಮಗಳ ಚಪ್ಪಲಿಯ ಸದ್ದು, ಅದರ ಹಿಂದೆ ಡ್ರೈವರನ ಬೂಟಿನ ಸದ್ದು ಕೇಳಿಸುತ್ತಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಕುರ್ಚಿಯ ಮೇಲೆ ಮಡಿಸಿಟ್ಟ ಸೀರೆ. ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ನೀರು ಬೀಳುತ್ತಿತ್ತು, ಹೀಟರು ಬುಸುಗುಡುತ್ತಿತ್ತು.

"ಟೀಚರಮ್ಮಾ!"

ಉತ್ತರವಿಲ್ಲ. ಅವನೂ ಡ್ರೈವರೂ ಒಟ್ಟಿಗೆ ಹೆಗಲು ಕೊಟ್ಟರು. ಅವನಿಗೆ ಆ ಬಾಗಿಲೂ ಗೊತ್ತಿತ್ತು. ಚೌಕಟ್ಟಿಗೆ ಮೊಳೆ ಸರಿಯಾಗಿ ಕೂರದೆ, ಮೇಲೆ ಪುಟ್ಟಿ ಮೆತ್ತಿದ ಬಾಗಿಲು. ಎರಡನೇ ಗುದ್ದಿಗೆ ಚೌಕಟ್ಟು ಸಮೇತ ಕಿತ್ತು ಬಂತು. ಇಡೀ ಕಟ್ಟಡದಲ್ಲಿ ಆ ದಿನ ಯಾರನ್ನೋ ಉಳಿಸಿದ ಕಳಪೆ ಕೆಲಸ ಅದೊಂದೇ.

ಅವಳು ಗೋಡೆಗೊರಗಿ ಕುಸಿದಿದ್ದಳು. ಮಗಳು ಡ್ರೈವರನನ್ನು ಆಚೆ ತಳ್ಳಿ, ಟವಲು ಸುತ್ತಿ, ಕಂಕುಳಿಗೆ ಕೈಹಾಕಿ ಹೊರಗೆಳೆದಳು. ತಮ್ಮ ಹೀಟರು ಆರಿಸಿದ, ಕಿಟಕಿಗಳನ್ನು ತೆಗೆದ. ಒಂದು ತೆಗೆಯಲು ಬಾರದೆ ಗಾಜು ಒಡೆದ. ಟೀಚರಮ್ಮನ ಕೆನ್ನೆ ಕೆಂಪಗಿತ್ತು. ಮೆಟ್ಟಿಲ ತಿರುವಿನಲ್ಲಿ ತಾನು ತಲೆಕೆಳಗಾಗಿ ನೋಡಿದ್ದ ಅದೇ ಕೆಂಪು.

"ಉಸಿರಿದೆ ಮಾಮ," ಎಂದಳು ಮಗಳು. "ಇದೆ, ಇದೆ."

ಕಿಟಕಿಯ ಹತ್ತಿರ ಕೂರಿಸಿದ ಮೇಲೆ ಟೀಚರಮ್ಮ ಕಣ್ಣು ತೆರೆದು, ಎದುರಿದ್ದ ಶವದ ವ್ಯಾನಿನ ಡ್ರೈವರನನ್ನು ನೋಡಿ, "ಹೊರಡ್ತಾ ಇದೀರಾ? ನಾನೂ ಬರ್ತೀನಿ ಇರಿ," ಎಂದಳು. ಇಪ್ಪತ್ತು ವರ್ಷ ಹೆಣ ಹೊತ್ತ ಡ್ರೈವರು ಮುಖ ತಿರುಗಿಸಿಕೊಂಡ.

*

ಸೂಪರ್‌ವೈಸರನನ್ನು ತಮ್ಮ ಕೇಳಿದ್ದ. ಅದು ಸುಳ್ಳಲ್ಲ. ಕೆಲಸದ ಮೊದಲ ದಿನವೇ ಕೇಳಿದ್ದ.

"ಸಾರ್, ನೀರು ಬರ್ತಿರೋದು ತಾರಸಿ ಪೈಪಿಂದ. ಅದು ಒಡೆದಿದೆ. ಹೊರಗೆ ಎಷ್ಟು ಗಾರೆ ಎಳೆದ್ರೂ ತೇವ ನಿಲ್ಲಲ್ಲ."

"ಪೈಪು ಬೇರೆ ಟೆಂಡರು. ನಿನ್ನ ಕೆಲಸ ಗೋಡೆ."

"ಮತ್ತೆ ಈ ಬಚ್ಚಲ ಗಾಳಿಕಿಂಡಿಗಳು?"

"ಮುಚ್ಚು. ಮಳೆ ನೀರು ಒಳಗೆ ಹೋಗೋದೇ ಅಲ್ಲಿಂದ."

"ಒಳಗೆ ಗ್ಯಾಸ್ ಹೀಟರ್ ಇದೆಯಲ್ಲ ಸಾರ್?"

"ಅವೆಲ್ಲ ತೆಗೀತಾರಯ್ಯ. ಮುಂದಿನ ವಾರ ಕರೆಂಟಿನವು ಬರ್ತಾವೆ. ನಿನಗ್ಯಾಕೆ ಊರ ಉಸಾಬರಿ? ನಿಮ್ಮಕ್ಕನ ಹಾಗೆ ನೀನೂ ಶುರು ಮಾಡ್ಬೇಡ."

ಅಲ್ಲಿಗೆ ಅವನು ಸುಮ್ಮನಾದ. ನಾಲ್ಕು ತಿಂಗಳ ಮೇಲೆ ಸಿಕ್ಕ ಕೆಲಸ, ಅಕ್ಕ ಹಟ ಹಿಡಿದು ಕೊಡಿಸಿದ್ದು. ಕೆಳಗಿನಿಂದ ಒಂದೊಂದೇ ಕಿಂಡಿಗೆ ಇಟ್ಟಿಗೆ ಚೂರು ತುಂಬಿ, ಗಾರೆ ಮೆತ್ತಿ, ಮೇಲೆ ಹತ್ತುತ್ತ ಹೋದ. ನಾಲ್ಕನೇ ಅಂತಸ್ತು ತಲುಪಿದಾಗ ಅಕ್ಕ ಅಡಿಗೆಮನೆ ಕಿಟಕಿಯಿಂದ ಚಹಾದ ಲೋಟ ಚಾಚಿದಳು.

"ಕುಡಿ. ನನ್ನ ಮನೆ ಗೋಡೆ ಅಂತ ಹೆಚ್ಚು ಹೊತ್ತು ತಗೋಬೇಡ, ಎಲ್ಲರ ಮನೆಯಷ್ಟೇ ಮಾಡು," ಎಂದಳು. ಹಾಗೆಂದವಳ ಮುಖ ಹಿಗ್ಗಿ ಎರಡಾಗಿತ್ತು. ಕಿಂಡಿಗೆ ಕೊನೆಯ ಚೂರು ಇಡುವಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಸ್ಟೂಲು ಹತ್ತಿ ನಿಂತು ನೋಡುತ್ತಿದ್ದಳೋ ಏನೋ.

"ಏ, ಕತ್ತಲೆ ಮಾಡಿಬಿಟ್ಯಲ್ಲೋ!"

"ಬಿಡಲಾ ಅಕ್ಕ?"

"ಬೇಡ ಬೇಡ, ಮುಚ್ಚು. ಸ್ನಾನ ಮಾಡುವಾಗ ಅಲ್ಲಿಂದ ಚಳಿಗಾಳಿ ಬರುತ್ತೆ. ಇನ್ನು ಬೆಚ್ಚಗಿರಬಹುದು."

ಅವನು ಮುಚ್ಚಿದ. ಬೇರೆ ಮನೆಗಳಿಗಿಂತ ಎರಡು ಸಲ ಹೆಚ್ಚು ಉಜ್ಜಿ ನುಣುಪು ಮಾಡಿದ. ಅದು ನಡೆದು ಇವತ್ತಿಗೆ ಐದು ದಿನ.

*

ಟೀಚರಮ್ಮನನ್ನು ಕೆಳಗೆ ಕರೆತಂದು ಕಟ್ಟೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಯಾರೋ ಮನೆಮನೆಗೆ ಓಡಿ ಹೀಟರು ಹಚ್ಚಬೇಡಿ ಎಂದು ಹೇಳಿ ಬಂದರು. ಅಷ್ಟು ಜನ ನಿಂತು ಗೋಡೆಯನ್ನು ನೋಡುತ್ತಿದ್ದರು. ಗುಮಾಸ್ತ ಹೋಗದೆ ಅಲ್ಲೇ ಗೇಟಿನ ಹತ್ತಿರ, ಕಡತ ಕಾಲ ಬಳಿ ಇಟ್ಟು, ನೆಲದ ಮೇಲೆ ಕೂತಿದ್ದ.

"ಹಾಗಾದ್ರೆ ಬಚ್ಚಲಲ್ಲಿ ಬಿದ್ದ ಇಸ್ತ್ರಿ ಅಕ್ಕನಿಗೆ ಹೃದಯದ್ದಲ್ಲ," ಎಂದು ಎರಡನೇ ಅಂತಸ್ತಿನ ಹೆಂಗಸು ಮೆಲ್ಲಗೆ ಅಂದಳು.

"ಯಾರು ಮುಚ್ಚಿದ್ದು ಆ ಗಾಳಿಕಿಂಡಿಗಳನ್ನ? ಅವನಿಗೆ ಕಣ್ಣಿರಲಿಲ್ವಾ?" ಎಂದರು ಗಡಿಯಾರದವರು.

ತಮ್ಮನಿಗೆ ಗೊತ್ತಿತ್ತು, ಸುಮ್ಮನಿದ್ದರೆ ಮುಗಿಯುತ್ತದೆ. ಅಟ್ಟಣಿಗೆಯ ಮೇಲೆ ಆರು ಜನ ಕೆಲಸ ಮಾಡಿದ್ದರು. ಇನ್ನೊಂದು ಗಂಟೆಯಲ್ಲಿ ವ್ಯಾನು ಸ್ಮಶಾನ ಮುಟ್ಟುತ್ತದೆ. ಡಾಕ್ಟರು ಬರೆದುಕೊಟ್ಟ ಕಾಗದದಲ್ಲಿ ಹೃದಯ ಎಂದೇ ಇದೆ. ಅವನು ಮಗಳ ಹತ್ತಿರ ಹೋದ. ಅವಳು ತಾಯಿಯ ಹೊದಿಕೆಯ ಅಂಚನ್ನು ಹಿಡಿದುಕೊಂಡು ನಿಂತಿದ್ದಳು.

"ಪುಟ್ಟೀ, ಮುಚ್ಚಿದ್ದು ನಾನು."

ಅವಳು ಹೊದಿಕೆಯ ಅಂಚನ್ನು ನೀವಿ ನೇರ ಮಾಡಿದಳು.

"ಈ ಸಾಲಿನ ಐದು ಕಿಂಡೀನೂ ನಾನೇ. ನಿಮ್ಮಮ್ಮಂದೂ ನಾನೇ."

ಮಗಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಇತ್ತು. ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದ ಕೈ ಅದು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನಿಗೆ ಏಟು ತಿಂದ ಹಾಗಾಯಿತು. ನಿಜಕ್ಕೂ ಹೊಡೆದಿದ್ದರೆ ಚೆನ್ನಾಗಿತ್ತು ಅನಿಸಿತು.

"ಅಮ್ಮ ನೋಡ್ತಾ ಇದ್ಲಾ?" ಎಂದು ಕೇಳಿದಳು.

"ಇದ್ಲು. ಮುಚ್ಚು ಅಂದ್ಲು. ಚಳಿ ಬರುತ್ತೆ ಅಂದ್ಲು. ಅವಳಿಗೇನು ಗೊತ್ತು? ಗೊತ್ತಿದ್ದೋನು ನಾನು. ಬಾಯಿ ಮುಚ್ಚಿಕೊಂಡೆ."

ಟೀಚರಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಗುಂಪಿನಲ್ಲಿ ಯಾರೋ ಬೈಯಲು ಶುರುಮಾಡಿ ನಡುವೆಯೇ ನಿಲ್ಲಿಸಿದರು.

"ಸ್ಮಶಾನಕ್ಕೆ ತಗೊಂಡು ಹೋಗ್ಬೇಡ," ಎಂದ ತಮ್ಮ. "ಆಸ್ಪತ್ರೆಗೆ ತಗೊಂಡು ಹೋಗು. ರಕ್ತ ನೋಡಿದ್ರೆ ಗ್ಯಾಸಿನ ವಿಷ ಅಂತ ಗೊತ್ತಾಗುತ್ತೆ. ಇಲ್ಲಾಂದ್ರೆ ಹೃದಯ ಅಂತಲೇ ಉಳ್ಕೊಳ್ಳುತ್ತೆ. ಆ ಹಾಳೇಲಿ ತೃಪ್ತಿಕರ ಅಂತ ಉಳ್ಕೊಳ್ಳುತ್ತೆ."

"ಆಮೇಲೆ ನಿನ್ನ ಹೆಸರೇ ಮೊದಲು ಬರುತ್ತೆ," ಎಂದಳು ಮಗಳು. "ಸೂಪರ್‌ವೈಸರು ನಾನು ಹೇಳೇ ಇಲ್ಲ ಅಂತಾನೆ."

"ಬರಲಿ."

ಅವಳು ಗೇಟಿನ ಕಡೆ ನಡೆದಳು. ಗುಮಾಸ್ತ ಎದ್ದು ನಿಂತ. ಅವಳು ಕೈ ಚಾಚಿದಳು, ಅವನು ಕಡತವನ್ನೇ ಕೊಟ್ಟುಬಿಟ್ಟ. ಅಲ್ಲಿಂದ ಡ್ರೈವರನ ಹತ್ತಿರ ಹೋಗಿ, "ದೊಡ್ಡಾಸ್ಪತ್ರೆಗೆ," ಎಂದಳು. "ಟೀಚರಮ್ಮನ್ನೂ ಕೂರಿಸ್ಕೊಳ್ಳಿ. ಅವರನ್ನೂ ನೋಡ್ಲಿ."

"ಈ ಗಾಡೀಲಿ?" ಎಂದ ಡ್ರೈವರು. ಆಮೇಲೆ ಮುಂದಿನ ಸೀಟಿನ ಮೇಲಿದ್ದ ತನ್ನ ಊಟದ ಡಬ್ಬಿ ತೆಗೆದು ಜಾಗ ಮಾಡಿದ.

ತಮ್ಮ ಸ್ಟ್ರೆಚರಿಗೆ ಕೈ ಹಾಕಲು ಬಂದಾಗ ಮಗಳು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಒಳಗೆ ಸರಿಸಿದ ಮೇಲೆ ಬಾಗಿಲು ಮುಚ್ಚುವ ಮುಂಚೆ ಒಂದೇ ಮಾತು ಕೇಳಿದಳು: "ನೀನು ಹತ್ತಲ್ವಾ?"

"ಕೆಲಸ ಇದೆ," ಎಂದ.

ವ್ಯಾನು ಗೇಟು ದಾಟಿ, ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ ತಿರುಗಿತು.

ಸುತ್ತಿಗೆ, ಉಳಿ ಅಟ್ಟಣಿಗೆಯ ಬುಡದಲ್ಲಿ ಚೀಲದೊಳಗೇ ಇದ್ದವು. ಅವನು ಕೆಳಗಿನಿಂದ ಶುರುಮಾಡಿದ. ಗಾರೆ ಐದು ದಿನಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬೇರೆ ಯಾರಾದರೂ ಮಾಡಿದ್ದರೆ ನಾಲ್ಕು ಏಟಿಗೆ ಉದುರುತ್ತಿತ್ತು, ಇದು ಅವನ ಕೈ ಕೆಲಸ. ಗಡಿಯಾರದವರು ಒಳಗೆ ಹೋಗಿ, ಸ್ಟೂಲು ಹತ್ತಿ, ಆ ಕಡೆಯಿಂದ ಇಕ್ಕಳದ ಹಿಡಿಯಿಂದ ಕುಟ್ಟಿ ಎಲ್ಲಿ ಒಡೆಯಬೇಕೆಂದು ತೋರಿಸಿದರು. ಇಟ್ಟಿಗೆ ಚೂರು ಒಳಗೆ ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ಅವನು ಮೇಲಿನ ಹಲಗೆಗೆ ಹತ್ತಿದ. ಒಂದನೇ ಅಂತಸ್ತು. ಎರಡನೇ ಅಂತಸ್ತು. ಮೂರನೆಯದಕ್ಕೆ, ಟೀಚರಮ್ಮನ ಮನೆಗೆ, ಗುಮಾಸ್ತ ತಾನಾಗಿಯೇ ಓಡಿ ಹೋಗಿ ಒಳಗಿನಿಂದ ತಟ್ಟಿದ.

ನಾಲ್ಕನೇ ಅಂತಸ್ತಿನಲ್ಲಿ ಒಳಗಿನಿಂದ ತಟ್ಟುವವರಿರಲಿಲ್ಲ. ಅಂದಾಜಿನ ಮೇಲೆ ಒಡೆದ. ಅಂಗೈ ಚರ್ಮ ಸುಲಿದಿತ್ತು. ಕೊನೆಯ ಚೂರು ಸರಿದು ಕಪ್ಪು ತೂತು ತೆರೆದುಕೊಂಡಾಗ ಸುತ್ತಿಗೆ ಕೆಳಗಿಟ್ಟು, ಹಲಗೆಯ ಮೇಲೆ ಕೂತು, ಕೆಳಗೆ ನೋಡಿದ.

ಬಿಳಿ ಗೋಡೆಯ ಉದ್ದಕ್ಕೂ ಒಂದರ ಕೆಳಗೊಂದು ಕಿಂಡಿ. ಅವುಗಳಿಂದ ಒಂದೊಂದು ಕೈ ಮೊಣಕೈವರೆಗೆ ಹೊರಗೆ ಬಂದಿತ್ತು. ಗಡಿಯಾರದವರ ನಡುಗುವ ಬೆರಳು, ಬಳೆ ಹಾಕಿದ ಕೈ, ಹಿಟ್ಟು ಮೆತ್ತಿದ ಕೈ, ಗುಮಾಸ್ತನ ಶಾಯಿ ಹತ್ತಿದ ಬೆರಳು. ನಾಲ್ಕೂ ಕೈ ಬೆರಳು ಅಗಲಿಸಿ ಗಾಳಿಯನ್ನು ಮುಟ್ಟಿ ನೋಡುತ್ತಿದ್ದವು.

ಅವನ ಪಕ್ಕದ ಕಿಂಡಿಯಿಂದ ಯಾರ ಕೈಯೂ ಹೊರಗೆ ಬರಲಿಲ್ಲ.